ಬಿ ಮತ್ತು ಬೇಗಂ

ದಸರಾ ರಜೆ ಮುಗಿಸಿ ಕಾಲೇಜಿಗೆ ಬಂದ ದಿನ ಗೆಳತಿಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಹಡಗು ಹ್ಯಾಂಗಿತ್ತು?" ನಾನು ಫೋಟೊ ತೋರಿಸಿದೆ. ಈಜುಕೊಳ, ಹನ್ನೊಂದು ಮಂದಿ ಹಿಡಿಸುವ ಲಿಫ್ಟ್, ನೀಲಿ ಸಮುದ್ರ. ಪತ್ರಿಕೆಗೆ ಹಡಗಿನ ಬಗ್ಗೆ ಬರೆದುಕೊಡು ಎಂದು ಕನ್ನಡ ಮೇಡಂ ಕೂಡ ಹೇಳಿದರು. ಬರೆಯಲು ಕುಳಿತರೆ ಹಡಗು ನೆನಪಿಗೆ ಬರುತ್ತಿಲ್ಲ. ಮುಂಬೈ ವಿಮಾನ ನಿಲ್ದಾಣದ ಒಂದು ಕೌಂಟರ್, ಅಲ್ಲಿ ಕಳೆದ ಹತ್ತೊಂಬತ್ತು ನಿಮಿಷ, ಅಷ್ಟೇ ಕಣ್ಣ ಮುಂದೆ ಬರುತ್ತಿದೆ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಮೊದಲು ಹಡಗಿಗೆ ಯಾಕೆ ಹೋದೆವು ಎಂದು ಹೇಳಬೇಕು. ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ಅಬ್ಬಾ ಅವರದು ದುರ್ಗದಬೈಲ್ ಹತ್ತಿರ ಸಣ್ಣ ಚಪ್ಪಲಿ ಅಂಗಡಿ. ಹಡಗಿನ ಪ್ರವಾಸ ನಮ್ಮಂಥ ಮನೆಯ ಲೆಕ್ಕದಲ್ಲಿ ಬರುವ ಖರ್ಚಲ್ಲ. ಆದರೆ ಮಸ್ಕತ್‌ನಲ್ಲಿರುವ ಚಾಚಾ ದಾದಿಮಾಗೆ ಮಾತು ಕೊಟ್ಟಿದ್ದರು.

ದಾದಿಮಾ ಅವರ ತಂದೆ 1960ರ ಆಸುಪಾಸಿನಲ್ಲಿ ಹಡಗಿನಲ್ಲಿ ಹಜ್‌ಗೆ ಹೋಗಿದ್ದರಂತೆ. ಆಗ ದಾದಿಮಾಗೆ ಒಂಬತ್ತೋ ಹತ್ತೋ ವರ್ಷ. ಹುಬ್ಬಳ್ಳಿ ಸ್ಟೇಷನ್‌ಗೆ ಇಡೀ ಮೊಹಲ್ಲಾ ಬಂದು ಹೂವಿನ ಹಾರ ಹಾಕಿ ಕಳಿಸಿತ್ತು. ಅಲ್ಲಿಂದ ಬೊಂಬಾಯಿ, ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಲ್ಲಿ ಕೆಲವು ದಿನ, ಆಮೇಲೆ ಮೊಗಲ್ ಲೈನ್ ಕಂಪನಿಯ ಹಡಗಿನಲ್ಲಿ ಜೆದ್ದಾ. ಹೋಗಿ ಬರಲು ಮೂರು ತಿಂಗಳು. ಹೊರಡುವ ಮುಂಚೆ ಸಾಲ ತೀರಿಸಿ, ಎಲ್ಲರ ಹತ್ತಿರ ತಪ್ಪು ಮನ್ನಿಸಿರೆಂದು ಕೇಳಿ ಹೋಗುತ್ತಿದ್ದರಂತೆ, ತಿರುಗಿ ಬರುವ ಖಾತ್ರಿ ಇರಲಿಲ್ಲ. ಬಂದ ಮೇಲೆ ಅವರು ಹೇಳಿದ ಸಮುದ್ರದ ಕಥೆಗಳನ್ನು ದಾದಿಮಾ ನಮಗೆ ನೂರು ಸಲ ಹೇಳಿದ್ದಾರೆ. ತಾನೂ ಹಡಗಿನಲ್ಲೇ ಹೋಗಬೇಕು ಎಂಬುದು ಅವರ ಆಸೆ. ಆದರೆ ಮುಂಬೈ–ಜೆದ್ದಾ ಹಜ್ ಹಡಗು 1995ಕ್ಕೆ ನಿಂತುಹೋಯಿತು. ಈಗ ಎಲ್ಲರೂ ವಿಮಾನದಲ್ಲೇ ಹೋಗುತ್ತಾರೆ.

2020ರಲ್ಲಿ ದಾದಿಮಾ ಮತ್ತು ಅಬ್ಬಾ ಇಬ್ಬರ ಹೆಸರೂ ಹಜ್ ಪಟ್ಟಿಯಲ್ಲಿ ಬಂದಿತ್ತು. ಆ ವರ್ಷ ಕೊರೊನಾ ಬಂತು, ಹೊರದೇಶದವರಿಗೆ ಹಜ್ ಇಲ್ಲ ಎಂದಾಯಿತು, ಕಟ್ಟಿದ ಹಣ ವಾಪಸ್ ಬಂತು. ಅಂಗಡಿ ಮುಚ್ಚಿದ ತಿಂಗಳುಗಳಲ್ಲಿ ಆ ಹಣವೇ ನಮ್ಮನ್ನು ಸಾಕಿತು. ಉಳಿದದ್ದು ಅಂಗಡಿಯ ಬಾಡಿಗೆಗೆ, ಆಮೇಲೆ ನನ್ನ ಶಾಲೆಯ ಫೀಗೆ ಹೋಯಿತು. ದಾದಿಮಾ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಆದರೆ ಚಾಚಾ ಮರೆತಿರಲಿಲ್ಲ. "ಹಜ್‌ಗೆ ಕಳಿಸುವಷ್ಟು ಈಗ ಕೈಯಲ್ಲಿಲ್ಲ, ಹಡಗನ್ನಾದರೂ ಹತ್ತಲಿ" ಎಂದು ಮುಂಬೈ–ಗೋವಾ–ಮುಂಬೈ ಮೂರು ರಾತ್ರಿಯ ಪ್ರವಾಸ ಬುಕ್ ಮಾಡಿದರು. ವಾಪಸ್ ಬರಲು ವಿಮಾನದ ಟಿಕೆಟ್ಟನ್ನೂ ಅವರೇ ತೆಗೆದರು. ತಾವೂ ಬರುವವರಿದ್ದರು, ಕೊನೆಗೆ ರಜೆ ಸಿಗಲಿಲ್ಲ. ದಾದಿಮಾ, ಅಬ್ಬಾ, ಅಮ್ಮಿ, ನಾನು, ನನ್ನ ತಮ್ಮ, ಐದು ಜನ ಹೊರಟೆವು.

ಕಾಗದಪತ್ರದ ಫೈಲು ನನ್ನ ಕೈಗೆ ಬಂತು. "ನೀನು ಕಾಮರ್ಸ್ ಓದುತ್ತೀ, ಎಲ್ಲಾ ಸರಿಯಾಗಿದೆಯಾ ನೋಡು ಬೇಟಿ" ಎಂದರು ಅಬ್ಬಾ. ನಾನು ಟಿಕೆಟ್, ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ದಾದಿಮಾ ಆಧಾರ್‌ನಲ್ಲಿ ಹೆಸರಿನ ಕೊನೆಗೆ "ಬಿ" ಇತ್ತು. ವಿಮಾನದ ಟಿಕೆಟ್‌ನಲ್ಲಿ "ಬೇಗಂ" ಇತ್ತು. ಪೆನ್ಸಿಲ್‌ನಿಂದ ಅದರ ಕೆಳಗೆ ಗೆರೆ ಎಳೆದೆ. ಆದರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಚಾಚಾ ಅವರದು ತಪ್ಪು ಎಂದ ಹಾಗಾಗುತ್ತದೆ, ಇಷ್ಟು ಖರ್ಚು ಮಾಡಿದವರಿಗೆ ಹಾಗೆನ್ನುವುದು ಹೇಗೆ ಎಂದುಕೊಂಡೆ. ಇನ್ನೊಂದು ನಿಜ ಹೇಳಬೇಕೆಂದರೆ, ಎಲ್ಲಿ ಪ್ರವಾಸವೇ ನಿಂತುಹೋಗುತ್ತದೋ ಎಂಬ ಹೆದರಿಕೆಯೂ ಇತ್ತು. "ನಮ್ಮ ಓಣಿಯಲ್ಲಿ ಬಿ ಅಂದರೂ ಬೇಗಂ ಅಂದರೂ ಒಂದೇ" ಎಂದು ಸಮಾಧಾನ ಮಾಡಿಕೊಂಡೆ.

ಹುಬ್ಬಳ್ಳಿ–ದಾದರ್ ರೈಲಿನಲ್ಲಿ ಮುಂಬೈ ತಲುಪಿದೆವು. ಟ್ಯಾಕ್ಸಿ ಹಜ್ ಹೌಸ್ ಮುಂದೆ ಹಾದು ಹೋಗುವಾಗ ಅಬ್ಬಾ ಕೈ ತೋರಿಸಿದರು. ದಾದಿಮಾ ತಲೆಯೆತ್ತಿ ಆ ಎತ್ತರದ ಕಟ್ಟಡವನ್ನು ಮರೆಯಾಗುವ ತನಕ ನೋಡಿದರು, ಏನೂ ಮಾತಾಡಲಿಲ್ಲ.

ಹಡಗಿನ ಮೂರು ದಿನ ಚೆನ್ನಾಗಿದ್ದವು. ಮೊದಲ ಸಂಜೆ ಎಲ್ಲರನ್ನೂ ಸೇರಿಸಿ ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನು ಹೇಳಿಕೊಟ್ಟರು. ಮಾಂಸದ ಬಗ್ಗೆ ಖಾತ್ರಿಯಿಲ್ಲವೆಂದು ದಾದಿಮಾ ಮೂರೂ ದಿನ ಜೈನ್ ಊಟವನ್ನೇ ಮಾಡಿದರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು. "ಹಡಗು ಹತ್ತಿ ಜೈನರಾದಿರಿ" ಎಂದು ಅಮ್ಮಿ ನಕ್ಕರು. ಜೂಜಿನ ಕೋಣೆಯ ಮುಂದೆ ಹೋಗುವಾಗ ಮಾತ್ರ ಅಮ್ಮಿ ತಮ್ಮನ ಕಣ್ಣು ಮುಚ್ಚುತ್ತಿದ್ದರು. ನಮಾಜಿಗೆ ಕಿಬ್ಲಾ ಯಾವ ಕಡೆ ಎಂದು ದಾದಿಮಾ ಕೇಳಿದಾಗ ನಾನು ಮೊಬೈಲಿನ ದಿಕ್ಸೂಚಿ ತೆರೆದೆ. ಹೋಗುವಾಗ ಹಡಗು ದಕ್ಷಿಣಕ್ಕೆ ಹೋಗುತ್ತದೆ, ಆದ್ದರಿಂದ ಕಿಬ್ಲಾ ಬಲಗಡೆ. ಬರುವಾಗ ಉತ್ತರಕ್ಕೆ, ಆದ್ದರಿಂದ ಎಡಗಡೆ. ಹೋಗುವಾಗ ಬಲಗಡೆ ಡೆಕ್‌ನಲ್ಲಿ, ಬರುವಾಗ ಎಡಗಡೆ ಡೆಕ್‌ನಲ್ಲಿ ನಿಂತು ದಾದಿಮಾ ಸಮುದ್ರ ನೋಡುತ್ತಿದ್ದರು. ಎರಡು ಸಲವೂ ಅವರು ನೋಡುತ್ತಿದ್ದ ದಿಕ್ಕು ಒಂದೇ ಎಂದು ನನಗೆ ಆಮೇಲೆ ಹೊಳೆಯಿತು.

ಮುರ್ಮಗಾವ್ ಬಂದರಿನಲ್ಲಿ ಹಡಗು ನಿಂತಾಗ ವಾಸ್ಕೋ ಪೇಟೆಗೆ ಹೋಗಿ ಗೋಡಂಬಿ ಕೊಂಡೆವು. ಅಲ್ಲಿಂದ ಹುಬ್ಬಳ್ಳಿ ಸುಮಾರು 200 ಕಿ.ಮೀ. ಅಷ್ಟೇ. "ಇಲ್ಲೇ ಇಳಿದು ರೈಲು ಹತ್ತಿದರೆ ಸಂಜೆಗೆ ಮನೆ. ಮತ್ತೆ ಮುಂಬೈಗೆ ಯಾಕೆ?" ಎಂದರು ದಾದಿಮಾ. ಲೆಕ್ಕ ಸರಿಯಾಗಿತ್ತು. ಆದರೆ ವಿಮಾನದ ಟಿಕೆಟ್ ಇತ್ತಲ್ಲ! ದಾದಿಮಾಗೆ ವಿಮಾನ ಹತ್ತುವ ಮನಸ್ಸೇ ಇರಲಿಲ್ಲ. "ಹತ್ತಿದರೆ ಜೆದ್ದಾದ ವಿಮಾನವನ್ನೇ ಹತ್ತುತ್ತೇನೆ" ಎಂದು ವರ್ಷಗಳಿಂದ ಹೇಳುತ್ತಿದ್ದರು. ಚಾಚಾ ಬೇಸರ ಮಾಡಿಕೊಳ್ಳುತ್ತಾರೆಂದು ಒಪ್ಪಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಮುಂಬೈಯಲ್ಲಿ ಇಳಿದೆವು. ಸಮುದ್ರದಲ್ಲಿ ನೆಟ್‌ವರ್ಕ್ ಇರಲಿಲ್ಲ, ಆದ್ದರಿಂದ ಮೊಬೈಲಿನಲ್ಲಿ ಚೆಕ್-ಇನ್ ಮಾಡಿರಲಿಲ್ಲ. ವಿಮಾನ ಮಧ್ಯಾಹ್ನ 3 ಗಂಟೆಗೆ. ಒಂದು ಗಂಟೆ ಮೊದಲು, ಅಂದರೆ 2ಕ್ಕೆ ಕೌಂಟರ್ ಮುಚ್ಚುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕು ನಿಲ್ದಾಣ ತಲುಪುವಾಗ 1.10. ಬಾಗಿಲಲ್ಲಿ ನಿಂತ ಜವಾನ ದಾದಿಮಾ ಆಧಾರ್ ನೋಡಿ, ಟಿಕೆಟ್ ನೋಡಿ, "ಹೆಸರಿನಲ್ಲಿ ಸ್ವಲ್ಪ ವ್ಯತ್ಯಾಸ ಇದೆ, ಕೌಂಟರ್‌ನಲ್ಲಿ ಹೇಳಿ" ಎಂದು ಹಿಂದಿಯಲ್ಲಿ ಹೇಳಿ ಒಳಗೆ ಬಿಟ್ಟರು. ಅಬ್ಬಾ ಟ್ರಾಲಿ ತರಲು ಹೋಗಿದ್ದರು, ಅವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಆಗಲೂ ನಾನು ಸುಮ್ಮನಿದ್ದೆ.

ಹುಬ್ಬಳ್ಳಿ ವಿಮಾನದ ಸಾಲಿನಲ್ಲಿ ನಿಂತರೆ ಅರ್ಧ ಮನೆಗೆ ಬಂದ ಹಾಗೆ. ಮುಂದೆ ಹಿಂದೆ ಎಲ್ಲಾ ನಮ್ಮ ಕಡೆಯ ಕನ್ನಡ. ನಮ್ಮ ಹಿಂದೆ ಧಾರವಾಡದ ಒಬ್ಬ ನಿವೃತ್ತ ಮಾಸ್ತರರು, ಅವರ ಹೆಂಡತಿ ಇದ್ದರು. "ಹಡಗಿನ್ಯಾಗ ಹೋಗಿದ್ರ್ಯಾ? ಅಜ್ಜಿಗೆ ವಾಂತಿ ಗೀಂತಿ ಆಗಲಿಲ್ಲೇನ್ರಿ?" ಎಂದು ಅಮ್ಮಿಯ ಜೊತೆ ಮಾತಿಗೆ ನಿಂತರು.

ಕೌಂಟರ್ ತಲುಪಿದಾಗ 1.35. ಮೊದಲು ಚೀಲಗಳ ತೂಕ. ಒಬ್ಬರಿಗೆ 15 ಕಿಲೋದಂತೆ ಐದು ಜನಕ್ಕೆ 75 ಕಿಲೋ. ನಮ್ಮದು 78 ಆಯಿತು. ಹೆಚ್ಚಿನ ಮೂರು ಕಿಲೋಗೆ ಕೇಳಿದ ಹಣದಲ್ಲಿ ಇನ್ನೂ ಎರಡು ಕಿಲೋ ಗೋಡಂಬಿ ಬರುತ್ತಿತ್ತು. ಅಮ್ಮಿ ಗೋಡಂಬಿಯ ಪೊಟ್ಟಣಗಳನ್ನು ತೆಗೆದು ನಮ್ಮ ಕೈಚೀಲಗಳಿಗೆ ಹಂಚಿದರು. ಎಲ್ಲರೂ ನಕ್ಕೆವು. ಆಮೇಲೆ ಕೌಂಟರಿನ ಹುಡುಗಿ ದಾದಿಮಾ ಆಧಾರ್ ಕೈಗೆ ತೆಗೆದುಕೊಂಡಳು. ಕಂಪ್ಯೂಟರ್ ನೋಡಿದಳು. ಮತ್ತೆ ಆಧಾರ್ ನೋಡಿದಳು.

"ಹೆಸರು ಹೊಂದುವುದಿಲ್ಲ. ಬೋರ್ಡಿಂಗ್ ಪಾಸ್ ಕೊಡಲು ಬರುವುದಿಲ್ಲ."

ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಅಬ್ಬಾ ಹಿಂದಿಯಲ್ಲಿ ವಿವರಿಸಿದರು: ಎರಡೂ ಒಂದೇ, ನಮ್ಮಲ್ಲಿ ಹೆಂಗಸರ ಹೆಸರಿಗೆ ಹೀಗೆ ಹಚ್ಚುತ್ತಾರೆ. ಅವಳು ಮೇಲಿನವರನ್ನು ಕರೆದಳು. ಅವರು ಬಂದು, "ನಿಯಮ ಅಂದರೆ ನಿಯಮ. ಮೊದಲೇ ಫೋನ್ ಮಾಡಿದ್ದರೆ ತಿದ್ದಬಹುದಿತ್ತು. ಟಿಕೆಟ್ ಯಾರು ಮಾಡಿಸಿದ್ದು? ನೋಡಲಿಲ್ಲವೇ?" ಎಂದರು. ಸಿಟ್ಟಿನಿಂದ ಕೇಳಲಿಲ್ಲ, ಆದರೆ ಗಟ್ಟಿಯಾಗಿ ಕೇಳಿದರು. ಸಾಲಿನಲ್ಲಿದ್ದವರೆಲ್ಲ ನಮ್ಮ ಕಡೆ ನೋಡಿದರು.

ಅಂಗಡಿಯಲ್ಲಿ ನಾಲ್ಕು ಗಿರಾಕಿಗಳನ್ನು ಒಟ್ಟಿಗೆ ಮಾತಾಡಿಸುವ ನನ್ನ ಅಬ್ಬಾ ಅಲ್ಲಿ ಕೈಕಟ್ಟಿ ನಿಂತು, "ತಪ್ಪು ನನ್ನದೇ ಸರ್, ನಾನೇ ನೋಡಲಿಲ್ಲ" ಎಂದರು. ಟಿಕೆಟ್ಟಿನ ಹಾಳೆ ಅವರ ಕೈಯಲ್ಲೇ ಇತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಮೂರನೆಯ ಸಲವೂ ನನ್ನ ಬಾಯಿ ತೆರೆಯಲಿಲ್ಲ.

ಹಿಂದಿನಿಂದ ಮಾಸ್ತರರ ಹೆಂಡತಿ, "ಗಾಬರಿ ಆಗಬ್ಯಾಡ್ರಿ. ಅಜ್ಜಿನ್ನ ಬಿಟ್ಟು ವಿಮಾನ ಹ್ಯಾಂಗ ಹೋಕ್ಕತಿ ನೋಡೂಣು" ಎಂದರು. ಮಾಸ್ತರರು ಮುಂದೆ ಬಂದು ಇಂಗ್ಲಿಷಿನಲ್ಲಿ ಒಂದೆರಡು ಮಾತು ಹೇಳಿ ನೋಡಿದರು. ದಾದಿಮಾ ಮಾತ್ರ ಶಾಂತವಾಗಿದ್ದರು. "ನೀವೆಲ್ಲ ಹೋಗಿ. ನನ್ನನ್ನು ರೈಲಿಗೆ ಹತ್ತಿಸಿ, ನಾನು ಬರುತ್ತೇನೆ" ಎಂದರು. ಎಪ್ಪತ್ತನ್ನು ದಾಟಿದ, ಉರ್ದು ಬಿಟ್ಟು ಬೇರೆ ಅಕ್ಷರ ಬಾರದ ದಾದಿಮಾ, ಮುಂಬೈಯಲ್ಲಿ ಒಬ್ಬರೇ! ಅಬ್ಬಾ ಆಗಲೇ ನಮ್ಮ ಚೀಲ, ಅವರ ಚೀಲ ಬೇರೆ ಮಾಡಲು ಶುರು ಮಾಡಿದ್ದರು. ತಾವು ದಾದಿಮಾ ಜೊತೆ ಉಳಿಯುವುದೆಂದು ಅವರ ಲೆಕ್ಕ. ಗಡಿಯಾರದಲ್ಲಿ 1.48.

ಆಗ ಕೌಂಟರಿನ ಹುಡುಗಿಯೇ ಕೇಳಿದಳು: "ಬೇರೆ ಯಾವುದಾದರೂ ಗುರುತಿನ ಚೀಟಿ ಇದೆಯಾ? ವೋಟರ್ ಕಾರ್ಡ್? ಪಾಸ್‌ಪೋರ್ಟ್?" ಇಲ್ಲ ಎಂದರು ಅಬ್ಬಾ. ನಾನು ದಾದಿಮಾ ಕಡೆ ತಿರುಗಿ ಅದನ್ನೇ ಉರ್ದುವಿನಲ್ಲಿ ಕೇಳಿದೆ. ದಾದಿಮಾ ನನ್ನ ಮುಖ ನೋಡಿ, "ಪಾಸ್‌ಪೋರ್ಟ್ ಇದೆ. ಅದು ಇಲ್ಲಿ ನಡೆಯುತ್ತದೆಯೇ?" ಎಂದರು.

ಅವರ ಬಟ್ಟೆಯ ಚೀಲದಲ್ಲಿ ಕುರ್‌ಆನ್ ಜೊತೆ ಒಂದು ಹಸಿರು ಕರವಸ್ತ್ರ, ಅದರೊಳಗೆ ಪಾಸ್‌ಪೋರ್ಟ್. 2019ರಲ್ಲಿ ಹಜ್‌ಗಾಗಿ ಮಾಡಿಸಿದ್ದು. ಹಡಗು ಎಂದರೆ ಹೊರದೇಶ ಎಂದುಕೊಂಡು ಯಾರಿಗೂ ಹೇಳದೆ ಜೊತೆಗೆ ತಂದಿದ್ದರು. ಅದರಲ್ಲಿ ಹೆಸರಿನ ಕೊನೆಗೆ "ಬೇಗಂ" ಎಂದಿತ್ತು. ಚಾಚಾ ತಮ್ಮ ಮೊಬೈಲಿನಲ್ಲಿದ್ದ ಈ ಪಾಸ್‌ಪೋರ್ಟಿನ ಫೋಟೊ ನೋಡಿಯೇ ಟಿಕೆಟ್ ತೆಗೆದಿದ್ದರು. ಅವರದು ತಪ್ಪೇ ಅಲ್ಲ.

ಮೇಲಿನವರು ಪಾಸ್‌ಪೋರ್ಟ್ ತಿರುವಿ ನೋಡಿದರು. ಒಂದು ಪುಟದ ಮೇಲೂ ಠಸ್ಸೆ ಇರಲಿಲ್ಲ. "ಅಮ್ಮಾ, ಎಲ್ಲಿಗೂ ಹೋಗಲೇ ಇಲ್ಲವೇ?" ಎಂದು ಕೇಳಿದರು. ಈಗ ಅವರ ದನಿ ಬೇರೆಯಾಗಿತ್ತು.

"ಬುಲಾವಾ ನೈ ಆಯಾ, ಬೇಟಾ" ಎಂದರು ದಾದಿಮಾ. ಕರೆ ಬರಲಿಲ್ಲ ಮಗನೇ, ಎಂದು.

1.54ಕ್ಕೆ ಐದು ಬೋರ್ಡಿಂಗ್ ಪಾಸ್ ಕೈಗೆ ಬಂದವು. ಮಾಸ್ತರರ ಹೆಂಡತಿ ದಾದಿಮಾ ಕೈ ಹಿಡಿದುಕೊಂಡು, "ನೋಡ್ರಿ, ನಾ ಹೇಳಿರಲಿಲ್ಲಾ" ಎಂದರು. ಅಮ್ಮಿ ಅವರಿಗೆ ಒಂದು ಪೊಟ್ಟಣ ಗೋಡಂಬಿ ಕೊಟ್ಟರು. ಅವರ ಚೀಲ ತೂಕವಾಗಿ ಮುಗಿದಿರಲಿಲ್ಲ, ಆದರೂ ತೆಗೆದುಕೊಂಡರು.

ವಿಮಾನ ಮೇಲೇರುವಾಗ ಕಿಟಕಿಯಲ್ಲಿ ಸಮುದ್ರ ಓರೆಯಾಗಿ ಕಂಡಿತು. ದಾದಿಮಾ ಸಫರ್ ದುವಾ ಓದಿ ನನ್ನ ಕೈ ಬಿಗಿಯಾಗಿ ಹಿಡಿದರು. ಒಂದೂಕಾಲು ಗಂಟೆಯಲ್ಲಿ ಕೆಳಗೆ ಕಪ್ಪು ಹೊಲಗಳು ಬಂದವು, ಆಮೇಲೆ ಗೋಕುಲ ರಸ್ತೆ. "ಇಷ್ಟೇನಾ?" ಎಂದರು. ಅವರ ತಂದೆ ಹೋಗಿ ಬಂದ ಮೂರು ತಿಂಗಳು ಅವರ ಮನಸ್ಸಿನಲ್ಲಿ ಇತ್ತೆಂದು ಕಾಣುತ್ತದೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಬ್ಬಾ ಅವರ ಹತ್ತಿರ ಹೋಗಿ ಹೇಳಿದೆ: "ಹೆಸರು ಬೇರೆ ಇರುವುದು ನನಗೆ ಮೊದಲೇ ಗೊತ್ತಿತ್ತು." ಅವರು ಫೈಲು ತೆಗೆದು ಟಿಕೆಟ್ಟಿನ ಹಾಳೆ ನನ್ನ ಮುಂದಿಟ್ಟರು. "ಬೇಗಂ" ಕೆಳಗೆ ನನ್ನ ಪೆನ್ಸಿಲ್ ಗೆರೆ. "ಕೌಂಟರ್‌ನಲ್ಲಿ ನೋಡಿದೆ" ಎಂದರು. ನಾನು ಅಳಲು ಶುರು ಮಾಡಿದೆ. ನಾಲ್ಕು ಜನರ ಮುಂದೆ ಅವರು ತಪ್ಪು ತಮ್ಮದೆಂದಾಗ ಅವರ ಕಣ್ಣ ಮುಂದೆಯೇ ನನ್ನ ಗೆರೆ ಇತ್ತು. ಬೈಯಲಿಲ್ಲ. "ಕಾಣಿಸಿದ ಮೇಲೆ ಹೇಳಬೇಕು ಬೇಟಿ. ದೊಡ್ಡವರದು ತಪ್ಪು ಅಂತಾದರೂ ಹೇಳಬೇಕು. ಅದು ಬೇಅದಬಿ ಅಲ್ಲ" ಎಂದು ಮಾತ್ರ ಅಂದರು.

ಮರುವಾರ ದಾದಿಮಾರನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋದೆ. ಪಾಸ್‌ಪೋರ್ಟ್ ತೋರಿಸಿ ಆಧಾರ್‌ನಲ್ಲೂ "ಬೇಗಂ" ಎಂದು ತಿದ್ದಲು ಅರ್ಜಿ ಕೊಟ್ಟೆ. ಅವರ ಪಾಸ್‌ಪೋರ್ಟ್‌ಗೆ 2029ರವರೆಗೆ ಅವಧಿ ಇದೆ. ಅಂಗಡಿ ಈಗ ಚೆನ್ನಾಗಿ ನಡೆಯುತ್ತಿದೆ, ಅಬ್ಬಾ ಮತ್ತು ಚಾಚಾ ಸೇರಿ ತಿಂಗಳಿಗೆ ಇಷ್ಟೆಂದು ಎತ್ತಿಡಲು ಶುರು ಮಾಡಿದ್ದಾರೆ. ಅದರ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಅರ್ಜಿ ತುಂಬುವ ಕೆಲಸವೂ ನನ್ನದೇ. ಅವರು ಹೇಳಿದ್ದರಲ್ಲ, ಹತ್ತಿದರೆ ಜೆದ್ದಾದ ವಿಮಾನ ಎಂದು.

ಮೊನ್ನೆ ಕಾಲೇಜು ಕಚೇರಿಯಲ್ಲಿ ದ್ವಿತೀಯ ಪಿಯು ಪರೀಕ್ಷೆಯ ಹೆಸರುಗಳ ಪಟ್ಟಿ ನೋಡಿ ಸಹಿ ಹಾಕಲು ಕರೆದರು. ನನ್ನ ಹೆಸರು, ಅಬ್ಬಾ ಹೆಸರು, ಅಮ್ಮಿ ಹೆಸರು ಎಲ್ಲವನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೊತೆ ಒಂದೊಂದೇ ಅಕ್ಷರ ಹಿಡಿದು ನೋಡಿದೆ. ಹಿಂದೆ ನಿಂತವರು "ಲಗೂ ಮುಗಸು" ಎಂದು ಕೂಗಿದರು. ಅಮ್ಮಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ನಾನು ಕೈಯೆತ್ತಿ, "ಸರ್, ಇಲ್ಲೊಂದು ತಪ್ಪಿದೆ" ಎಂದೆ.