ಕೋತಿ ಓಡಿಸುವ ಪಟ್ಟು

ಕೋತಿ ಓಡಿಸುವುದನ್ನು ದುಮ್ಮವಾಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಕೈಗೆ ಕವಣೆ, ಬಾಯಿಗೆ ಬೈಗುಳ ತಾನಾಗಿ ಬರುತ್ತವೆ. ಅಂಥ ಊರಿನ ನಾನು ಅರವತ್ತು ದಾಟಿದ ಮೇಲೆ ಸಿಂಗಪುರಕ್ಕೆ ಹೋಗಿ, ಒಂದು ಕೋತಿಯೂ ಕಾಣದ ಜಾಗದಲ್ಲಿ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಅದನ್ನು ಓಡಿಸುವುದನ್ನು ಕಲಿತು ಬಂದೆ. ತಾಯ್ ಚಿ ಎಂಬ ಚೀನೀ ವಿದ್ಯೆಯಲ್ಲಿ ಅದೊಂದು ಪಟ್ಟು.

ಹೋಗಿದ್ದು ಮಗಳ ಬಾಣಂತನಕ್ಕೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ವಿಮಾನಕ್ಕೆ ಹಾಕಲಾಗಲಿಲ್ಲವಲ್ಲ ಎಂಬ ಕೊರಗು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಆಂಗ್ ಮೋ ಕಿಯೊದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ನೆಲಮಹಡಿಯನ್ನು ಗೋಡೆಯಿಲ್ಲದೆ ಬಯಲಾಗಿ ಬಿಟ್ಟಿರುತ್ತಾರೆ. ಮದುವೆ ಊಟ, ಸಾವಿನ ಮನೆಯ ಜಾಗರಣೆ, ಮುದುಕರ ಚದುರಂಗ ಎಲ್ಲ ಅಲ್ಲೇ. ಬೆಳಗಿನ ಹೊತ್ತು ಅಲ್ಲಿ ಒಂದು ಚಿಕ್ಕ ಸ್ಪೀಕರ್ ಇಟ್ಟುಕೊಂಡು ಹತ್ತಿಪ್ಪತ್ತು ಹಿರಿಯರು ಕೈಕಾಲು ತೇಲಿಸುತ್ತಿದ್ದರು. ಕೂಸು ಮಲಗಿದಾಗ ಇಳಿದುಹೋಗಿ ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ಎಪ್ಪತ್ತು ದಾಟಿದ್ದ ಅವರ ಗುರು ಹೆಂಗಸು. ಒಂದು ದಿನ ಸನ್ನೆ ಮಾಡಿ ಕರೆದು ಕೊನೆಯ ಸಾಲಿನಲ್ಲಿ ನಿಲ್ಲಿಸಿದರು. ಫೀಸಿಲ್ಲ, ಅರ್ಜಿಯಿಲ್ಲ. ಅವರಿಗೆ ನನ್ನ ಮಾತು ಬಾರದು, ನನಗೆ ಅವರದು ಬಾರದು. ನನ್ನ ಸೀರೆಯನ್ನು ಮಾತ್ರ ಮೇಲಿಂದ ಕೆಳಗೆ ನೋಡಿ ನಕ್ಕರು. ಮರುದಿನ ಮಗಳ ಪೈಜಾಮ ಹಾಕಿಕೊಂಡು ಹೋದೆ.

ಕಂಬದ ಹಿಂದೆ ನಿಂತು ನೋಡುವುದು ನನಗೆ ಹಳೆಯ ಅಭ್ಯಾಸ. ಅಣ್ಣ ಗರಡಿಗೆ ಹೋಗುತ್ತಿದ್ದ ಕಾಲದಲ್ಲಿ ಅವನಿಗೆ ಹಾಲಿನ ಚೊಂಬು ಒಯ್ಯುವುದು ನನ್ನ ಕೆಲಸ. ತಲೆ ತಗ್ಗಿಸಿಯೇ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು. ಒಳಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಗೂಡಿನಲ್ಲಿ ಹನುಮಪ್ಪ. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿಲ್ಲ. ಹನುಮಪ್ಪ ಬ್ರಹ್ಮಚಾರಿ ಎಂಬುದು ಕಾರಣ. ರಾಮನ ಹೆಂಡತಿಯನ್ನು ಹುಡುಕಲು ಸಮುದ್ರ ಹಾರಿದ ದೇವರು ಹಾಲು ತಂದ ಹುಡುಗಿಗೆ ಯಾಕೆ ಅಂಜಬೇಕೋ, ನನಗೆ ಇವತ್ತಿಗೂ ತಿಳಿದಿಲ್ಲ. ಗೋಡೆಯ ಮಣ್ಣು ಉದುರಿ ಆಗಿದ್ದ ಒಂದು ಕಿಂಡಿಗೆ ಕಣ್ಣಿಟ್ಟು ದಂಡ, ಬಸ್ಕಿ, ಲೋಡು ತಿರುಗಿಸುವುದು ಎಲ್ಲ ನೋಡಿದ್ದೇನೆ. ಚೊಂಬು ಬರಿದಾಗಲು ಎಷ್ಟು ಹೊತ್ತು ಬೇಕು ಎಂದು ಅವ್ವ ಬೈಯುತ್ತಿದ್ದಳು.

ಆದ್ದರಿಂದ ತಾಯ್ ಚಿ ಗುರು ಯಾಂಗ್ ಲುಚಾನ್‌ನ ಕಥೆ ಕೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ತಾಯ್ ಚಿಯ ಬೇರು ಚೀನಾದ ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿದೆ. 17ನೇ ಶತಮಾನದಲ್ಲಿ, ಮಿಂಗ್ ದೊರೆತನ ಮುಗಿಯುವ ಕಾಲದಲ್ಲಿ ಚೆನ್ ವಾಂಗ್‌ತಿಂಗ್ ಎಂಬ ಸೈನಿಕ ಅದನ್ನು ಕಟ್ಟಿದನೆಂದು ಹೇಳುತ್ತಾರೆ. ಬಹಳ ಕಾಲ ಅದು ಮನೆತನದ ಗುಟ್ಟು. 1799ರಲ್ಲಿ ಹುಟ್ಟಿದ ಯಾಂಗ್ ಹೊರಗಿನವನು. ಅವನು ಆ ಹಳ್ಳಿಗೆ ಬಂದು, ರಾತ್ರಿ ಗೋಡೆಯ ಬಿರುಕಿನಿಂದ ಅಭ್ಯಾಸ ನೋಡಿ ನೋಡಿಯೇ ಕಲಿತ, ಸಿಕ್ಕಿಬಿದ್ದಾಗ ಚೆನ್ ಚಾಂಗ್‌ಶಿಂಗ್ ಬೈಯದೆ ಶಿಷ್ಯನನ್ನಾಗಿ ಮಾಡಿಕೊಂಡ ಎನ್ನುತ್ತದೆ ಕಥೆ. ಬಿರುಕು ಖರೆಯೋ ಸುಳ್ಳೋ, ಚೆನ್ ಚಾಂಗ್‌ಶಿಂಗ್ ಕಲಿಸಿದ್ದಂತೂ ಖರೆ. ಯಾಂಗ್ ಮುಂದೆ ಪೆಕಿಂಗಿಗೆ ಹೋಗಿ, ಆಗ ಚೀನಾ ಆಳುತ್ತಿದ್ದ ಮಂಚು ಅರಸುಮನೆಯವರಿಗೇ ಗುರುವಾದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ನೆಗೆತ, ಗುದ್ದಾಟಗಳನ್ನು ತೆಗೆದು ಎಲ್ಲವನ್ನೂ ಒಂದೇ ನಿಧಾನಕ್ಕೆ ತಂದ. ಜನ ಸಾಲುಗಟ್ಟಿದ್ದು ಆಮೇಲೆ. 1956ರಲ್ಲಿ ಚೀನಾ ಸರ್ಕಾರ ಯಾಂಗ್ ವರಸೆಯನ್ನು ಮೊಟಕು ಮಾಡಿಸಿ 24 ಪಟ್ಟುಗಳ ಪಾಠ ಮಾಡಿತು. ಆಂಗ್ ಮೋ ಕಿಯೊದಲ್ಲಿ ನಾನು ಕಲಿತದ್ದು ಅದನ್ನೇ. ಇಡೀ ವರಸೆ ಐದಾರು ನಿಮಿಷದ್ದು. ಕಾದಾಟದ ವಿದ್ಯೆಯೊಂದು ಮೊಣಕಾಲು ನೋವಿನವರ ಪಾಲಾಯಿತಲ್ಲ ಎಂದು ಗಂಡಸರು ಹುಬ್ಬು ಗಂಟಿಕ್ಕಬಹುದು. ನನಗಂತೂ ಅದರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವು ಕಾಣುವುದಿಲ್ಲ. ನಮ್ಮ ಗರಡಿಯಲ್ಲಿ ವಯಸ್ಸಾದ ಪೈಲ್ವಾನನಿಗೆ ಕಟ್ಟೆಯ ಮೇಲೆ ಕೂತು ಒದರುವುದು ಬಿಟ್ಟರೆ ಬೇರೆ ಕೆಲಸ ಇಟ್ಟಿರಲಿಲ್ಲ. ಈಗ ಗರಡಿಗೇ ಬೀಗ.

ಚೀನೀಯರು ತಮ್ಮ ಮಲ್ಲವಿದ್ಯೆಯನ್ನು ಒಳಗಿನದು, ಹೊರಗಿನದು ಎಂದು ಎರಡು ಪಾಲು ಮಾಡುತ್ತಾರೆ. ಈ ಮಾತು ಮೊದಲು ಕಾಣುವುದು 1669ರಲ್ಲಿ ಹುವಾಂಗ್ ಝೋಂಗ್‌ಶಿ ಬರೆದ ಒಂದು ಸಮಾಧಿ ಲೇಖನದಲ್ಲಿ. ವುಡಾಂಗ್ ಬೆಟ್ಟದ ತಾವೋ ಸಾಧಕರದು ಒಳಗಿನದು, ಶಾವೊಲಿನ್ ಬೌದ್ಧರದು ಹೊರಗಿನದು. ಹೊರಗಿನಿಂದ ಬಂದ ಮಂಚುಗಳ ಆಳ್ವಿಕೆಯನ್ನು ಒಪ್ಪದ ಹುವಾಂಗ್, ಸ್ವದೇಶಿ ಮತ್ತು ಪರದೇಶಿ ಎಂಬುದನ್ನೇ ಹೀಗೆ ಮುಚ್ಚಿ ಹೇಳಿದ ಎಂದು ಕೆಲವು ವಿದ್ವಾಂಸರು ಓದುತ್ತಾರೆ. ಶಾವೊಲಿನ್‌ಗೆ ವಿದ್ಯೆ ಕೊಟ್ಟವನು ತೆಂಕಣ ಭಾರತದ ಬೋಧಿಧರ್ಮ ಎಂಬ ಐತಿಹ್ಯ ಬೇರೆ ಇದೆ. ಅಲ್ಲಿಗೆ ಹೊರಗಿನವರು ನಾವೇ ಆದೆವು.

ಒಳಗಿನದು ಎಂದರೇನೆಂದು ನನಗೆ ಗೊತ್ತಾದದ್ದು ಕೈದೂಡುವ ಆಟದಲ್ಲಿ. ಗುರುವಮ್ಮ ತಮ್ಮ ಮಣಿಕಟ್ಟನ್ನು ನನ್ನ ಮಣಿಕಟ್ಟಿಗೆ ತಾಗಿಸಿ, ದೂಡು ಎಂದು ಕಣ್ಣಿನಲ್ಲೇ ಹೇಳಿದರು. ನೀರಿನ ಕೊಡ ಹೊತ್ತ ಮೈ ನನ್ನದು. ಹೆಗಲು ಕೊಟ್ಟು ದೂಡಿದೆ. ಅವರ ಕೈ ತಡೆಯಲಿಲ್ಲ, ಬಿಟ್ಟೂ ಹೋಗಲಿಲ್ಲ; ಸೊಂಟ ಒಂದಿಷ್ಟು ತಿರುಗಿತು, ಅಷ್ಟೇ. ನನ್ನ ಬಲವೇ ನನ್ನನ್ನು ಎಳೆದುಕೊಂಡು ಹೋಗಿ ಕಂಬ ಅಪ್ಪಿಸಿತು. ಎಲ್ಲರೂ ನಕ್ಕರು. ನನಗೆ ಮಾತ್ರ ಕಿಂಡಿಯಲ್ಲಿ ಕಂಡಿದ್ದ ಗರಡಿಯ ಉಸ್ತಾದರ ಸೊಂಟ ನೆನಪಾಯಿತು: ಮೈಮೇಲೆ ಬಂದ ದಾಂಡಿಗನಿಗೆ ದಾರಿ ಬಿಟ್ಟಂತೆ ಮಾಡಿ ಮಣ್ಣು ಮುಕ್ಕಿಸುತ್ತಿದ್ದ ಅದೇ ತಿರುವು. ಕುಸ್ತಿಯ ಒಳಗೂ ಒಂದು ಒಳಗಿದೆ. ಅದನ್ನು ಬಲ್ಲವರು ಕಡಿಮೆ, ನೋಡಿದ ಹೆಂಗಸರು ಇನ್ನೂ ಕಡಿಮೆ. ಈಗ ಹಳಿಯಾಳದ ಕಡೆ ಸಿದ್ದಿ ಹುಡುಗಿಯರೂ ಕುಸ್ತಿ ಆಡುತ್ತಾರೆ. ಹನುಮಪ್ಪ ಮುನಿದ ಸುದ್ದಿಯಿಲ್ಲ.

ಊರಿಗೆ ಬಂದ ಮೇಲೆ ನೀರಸಾಗರದ ದಂಡೆ ನನ್ನ ಬಯಲು. ಬೇಡ್ತಿ ಹೊಳೆಗೆ 1950ರ ದಶಕದಲ್ಲಿ ಒಡ್ಡು ಹಾಕಿ ಹುಬ್ಬಳ್ಳಿಗೆ ಕುಡಿಯಲು ಕೊಟ್ಟ ಕೆರೆ ಅದು. ಮೊದಮೊದಲು ಎಮ್ಮೆ ಹೊಡಕೊಂಡು ಹೋಗುವವರು ನಿಂತು ನೋಡಿ, "ಯಕ್ಕಾ, ಇದೇನು ನೀರಾಗ ನಡದಂಗ?" ಎನ್ನುತ್ತಿದ್ದರು. ಈಗ ಓಣಿಯ ಐದಾರು ಹೆಂಗಸರು ಬರುತ್ತಾರೆ. ತಾಯ್ ಚಿ ಮಾಡಿದ ಪಾರ್ಕಿನ್‌ಸನ್ಸ್ ರೋಗಿಗಳ ಸಮತೋಲ ಸುಧಾರಿಸಿ ಬೀಳುವುದು ಕಡಿಮೆಯಾಯಿತೆಂದು 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದದ್ದನ್ನು ಹೇಳಿದೆ. ಅವರಿಗೆ ಅದು ಬೇಡ, ಮಂಡಿ ನೋವು ಹೋದರೆ ಸಾಕು. ಕೋತಿ ಪಟ್ಟು ಎಂದರೆ ಎಲ್ಲರಿಗೂ ಪ್ರೀತಿ. ಹಿಂದಿಡುವ ಕಾಲಿನ ಬೆರಳು ಮೊದಲು ನೆಲ ಮುಟ್ಟಬೇಕು, ಆಮೇಲೆ ಹಿಮ್ಮಡ. ಅಲ್ಲಿಯತನಕ ಮೈಭಾರವೆಲ್ಲ ಮುಂಗಾಲಿನದು. ಕಿವಿಯ ಪಕ್ಕದಿಂದ ಒಂದು ಅಂಗೈ ಮುಂದೆ ಹೋಗುವಾಗ ಇನ್ನೊಂದು ಸೊಂಟಕ್ಕೆ ಬರಬೇಕು.

ಅಣ್ಣನ ಜೋಡಿಯ ಹಳೆಯ ಪೈಲ್ವಾನರೊಬ್ಬರು ಬಡಿಗೆ ಊರಿಕೊಂಡು ದಿನಾ ಅದೇ ದಾರಿಗೆ ಬರುತ್ತಾರೆ. ಬಹಳ ದಿನ ಮಾತಿಲ್ಲದೆ ನೋಡಿದರು. ಮೊನ್ನೆ ತಡೆಯಲಾಗಲಿಲ್ಲ. "ತಂಗೀ, ಎಡಗಾಲು ಹಗುರ ಇಟ್ಟೀ. ಈಗ ಯಾರರ ಜಗ್ಗಿದ್ರ ಚಿತ್ ಆಗ್ತೀ ನೋಡು" ಎಂದರು. ಖರೆಯಾಗಿತ್ತು. ಸರಿ ಮಾಡಿಕೊಂಡೆ. ಅವರು ಬಡಿಗೆಯನ್ನು ಜಾಲಿಗಿಡಕ್ಕೆ ಒರಗಿಸಿ, ನಮ್ಮಿಂದ ನಾಲ್ಕು ಮಾರು ದೂರ ನಿಂತು, ಧೋತರ ಎತ್ತಿ ಕಟ್ಟಿ, ಎರಡು ಕೋತಿ ಓಡಿಸಿದರು. ನನಗಿಂತ ಚಂದ ಇತ್ತು. ಆಮೇಲೆ ನಮ್ಮತ್ತ ತಿರುಗಿ ಕೇಳಿದರು:

"ಅದಿರ್ಲಿ, ಕುಸ್ತಿ ಯಾವಾಗ ಸುರು?"