ಚೆನ್ನಾಗಿದೆ, ಓದಿ

ಪುಸ್ತಕ, ಹಣ, ಹೆಂಡತಿ ಈ ಮೂರೂ ಪರರ ಕೈ ಸೇರಿದರೆ ಹೋದಂತೆಯೇ ಲೆಕ್ಕ, ಹಾಗೊಮ್ಮೆ ಮರಳಿ ಬಂದರೂ ಕೆಟ್ಟೇ ಬರುತ್ತವೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದಿದೆ. ನಮ್ಮ ಶಾಲೆಯ ಸಂಸ್ಕೃತ ಮೇಷ್ಟ್ರು ನನ್ನ ಕೈಯಲ್ಲಿ ಪುಸ್ತಕ ಕಂಡಾಗಲೆಲ್ಲ ಅದನ್ನು ರಾಗವಾಗಿ ಹೇಳುತ್ತಾರೆ. ಹೆಂಗಸರನ್ನು ದುಡ್ಡಿನ ಗಂಟಿನ ಪಕ್ಕದಲ್ಲಿ ಕೂರಿಸಿದ ಆ ಪುಣ್ಯಾತ್ಮನ ಮೇಲೆ ನನಗೇನೂ ಗೌರವವಿಲ್ಲ. ಆದರೆ ಪುಸ್ತಕದ ಮಟ್ಟಿಗೆ ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಯಾರಿಗೆ ಯಾವ ಪುಸ್ತಕ, ಯಾವ ದಿನ ಕೊಟ್ಟೆ ಎಂದು ಬರೆದಿಡಲು ನಾನು ಇನ್ನೂರು ಪುಟದ ನೋಟ್ ಪುಸ್ತಕವೊಂದನ್ನು ಇಟ್ಟಿದ್ದೇನೆ. ಅದರಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದ ಹೆಸರುಗಳು ಕೆಲವಿವೆ. ಅವರು ಯಾರೆಂದು ಮಾತ್ರ ಇಲ್ಲಿ ಹೇಳುವುದಿಲ್ಲ, ಅದೇ ಬೀದಿಯಲ್ಲಿ ಬಾಳಬೇಕಲ್ಲ.

ಪುಸ್ತಕ ಕೊಡುವುದಕ್ಕಿಂತ ಕಷ್ಟದ ಕೆಲಸ ಪುಸ್ತಕ ಹೇಳುವುದು. ವಿನೋಬನಗರದಲ್ಲಿ ಈ ಉದ್ಯೋಗ ನನಗೆ ತಾನಾಗಿ ಅಂಟಿಕೊಂಡಿತು. ಪೊಲೀಸ್ ಚೌಕಿಯ ಹತ್ತಿರ ಸೊಪ್ಪು ಆರಿಸುತ್ತಿದ್ದರೂ ಯಾರಾದರೂ ಪಕ್ಕಕ್ಕೆ ಬಂದು, “ಟೀಚರ್, ಈಚೆಗೆ ಏನು ಓದಿದ್ರಿ? ನಮಗೂ ಒಂದು ಒಳ್ಳೇದು ಹೇಳಿ” ಎನ್ನುತ್ತಾರೆ. ಕೇಳುವವರಿಗೆ ಅದು ಮಾತು ತೆಗೆಯುವ ನೆಪವಿರಬಹುದು. ನನಗೆ ಮಾತ್ರ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬಂದಂತಾಗುತ್ತದೆ. “ಚೆನ್ನಾಗಿದೆ, ಓದಿ” ಎಂದು ಬಾಯಿಗೆ ಬಂದ ಹೆಸರು ಹೇಳಿಬಿಡುವುದು ಸುಲಭ. ಜ್ವರ ಯಾರಿಗೆ, ಎಷ್ಟು ದಿನದಿಂದ ಎಂದು ಕೇಳದೆ ಮಾತ್ರೆ ಕೊಟ್ಟಂತೆ ಅದು. ಜೀವಮಾನದಲ್ಲಿ ಓದಲೇಬೇಕಾದ ನೂರು ಪುಸ್ತಕಗಳು ಎಂಬ ಪಟ್ಟಿಗಳು ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತವೆ. ಅವುಗಳನ್ನು ಕಂಡರೆ ನನಗೆ ಮದುವೆ ಮನೆಯ ಊಟದ ನೆನಪಾಗುತ್ತದೆ. ಎಲೆ ತುಂಬ ಬಡಿಸಿರುತ್ತಾರೆ, ನಿಮಗೆ ಹಸಿವಿದೆಯೇ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

“ಟೈಮೇ ಇರಲ್ಲ ಟೀಚರ್” ಎನ್ನುವವರಿಗೆ ನಾನು ಹೇಳುವುದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ನಮ್ಮ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಬಂದದ್ದು. ಒಂದು ಭಾನುವಾರದ ಮಧ್ಯಾಹ್ನ ಸಾಕು. ಬಡತನದಲ್ಲಿ ಒಂದಾಗಿದ್ದ ಸಂಸಾರ ಮಸಾಲೆಪುಡಿಯ ವ್ಯಾಪಾರದಿಂದ ಸಿರಿವಂತವಾದ ಮೇಲೆ ಏನಾಯಿತು ಎಂಬ ಕಥೆ. ಅದನ್ನು ಓದಿದ ಗೆಳತಿಯೊಬ್ಬಳು ಪುಸ್ತಕ ಹಿಂದಿರುಗಿಸುತ್ತಾ, “ಇದು ನಮ್ಮ ಮನೆ ಕಥೆ ಅಂತ ನಿಂಗೆ ಯಾರು ಹೇಳಿದ್ರು?” ಎಂದು ಕಣ್ಣು ಕೆಂಪಗೆ ಮಾಡಿದಳು. ಯಾರೂ ಹೇಳಿರಲಿಲ್ಲ. ಒಳ್ಳೆಯ ಕಥೆಗಳ ಚಾಳಿಯೇ ಅದು.

ಹತ್ತನೆಯ ತರಗತಿ ಮುಗಿಸಿದ ಹುಡುಗಿಯರಿಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರ ಪುಸ್ತಕವನ್ನು ಈಚೆಗೆ ಓದಿದ್ದೆಂದು ಹೇಗೆ ಹೇಳುತ್ತೀರಿ ಎಂದು ಕೇಳಬೇಡಿ, ನಾನು ಎರಡು ವರ್ಷಕ್ಕೊಮ್ಮೆ ಅದನ್ನು ಓದುತ್ತೇನೆ. ತೀರ್ಥಹಳ್ಳಿಯ ಕಡೆಯ ಈ ಹೆಣ್ಣುಮಗಳು ನಲವತ್ತು ದಾಟಿದ ಮೇಲೆ ಬರೆಯಲು ಕೂತು, ತಾಯಿಯಿಂದ ಕೇಳಿದ ಬಾಲವಿಧವೆಯೊಬ್ಬಳ ನಿಜವಾದ ಬದುಕನ್ನು ಕಾದಂಬರಿ ಮಾಡಿದರು. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಸಿನಿಮಾ ಮಾಡಿದರು. ನೂರು ವರ್ಷ ದಾಟಿ ಬಾಳಿದ ಆ ಮಡಿ ಹೆಂಗಸು ಎಲ್ಲಿಯೂ ಭಾಷಣ ಮಾಡುವುದಿಲ್ಲ. ಹುಡುಗಿಯರಿಗೆ ಮೊದಲು ಇದು ಬೇಸರ. “ಅವಳು ಯಾಕೆ ಮಿಸ್ ಜಗಳ ಆಡಲ್ಲ?” ಎನ್ನುತ್ತಾರೆ. ಆ ಪ್ರಶ್ನೆ ಕೇಳಿದರೆಂದರೆ ಪುಸ್ತಕ ಒಳಗೆ ಇಳಿದಿದೆ ಎಂದೇ ಅರ್ಥ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನನಗೆ ಕೆಲಸವೇ ಉಳಿಯಲಿಲ್ಲ, ಎಲ್ಲರೂ ತಾವಾಗಿಯೇ ಪುಸ್ತಕ ಕೇಳತೊಡಗಿದರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದದ್ದು ಹನ್ನೆರಡು ಕಥೆ. ನಮಗೆ ಕನ್ನಡದಲ್ಲೇ ಇರುವಾಗ ಬಳಸಿ ಹೋಗುವುದೇಕೆ, ‘ಎದೆಯ ಹಣತೆ’ ತರಿಸಿಕೊಳ್ಳಿ. ಒಂದು ಮಾತು ಮಾತ್ರ: ಒಂದೇ ಉಸಿರಿಗೆ ಓದಬೇಡಿ. ದಿನಕ್ಕೊಂದು ಕಥೆ, ನಡುವೆ ಅಡುಗೆ, ಬಟ್ಟೆ, ಏನಾದರೂ ಕೆಲಸ ಇರಲಿ. ಗಂಡನೂ ತವರೂ ಕೈಬಿಟ್ಟ ಆ ಹೆಂಗಸು ಬೆಂಕಿ ಹಚ್ಚಿಕೊಳ್ಳಲು ಹೊರಟು ನಿಂತದ್ದನ್ನು ಓದಿದ ಮೇಲೆ ಪುಟ ತಿರುವಿ ಇನ್ನೊಂದಕ್ಕೆ ಹೋಗುವುದು ನನ್ನಿಂದಾಗಲಿಲ್ಲ. ಹಾಸನದ ಈ ಲೇಖಕಿ ಎಂಟನೆಯ ವಯಸ್ಸಿನಲ್ಲಿ ನಮ್ಮ ಶಿವಮೊಗ್ಗದ ಕನ್ನಡ ಶಾಲೆಯೊಂದಕ್ಕೆ ಸೇರಿದವರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿತ್ತಂತೆ, ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳಂತೆ. ಇದನ್ನು ತರಗತಿಯಲ್ಲಿ ಹೇಳಿದ ದಿನ, ಕನ್ನಡ ತಪ್ಪಾದೀತೆಂದು ಬಾಯಿಯೇ ಬಿಡದೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಉರ್ದು ಮನೆಮಾತಿನ ಹುಡುಗಿಯೊಬ್ಬಳು ಬೆನ್ನು ನೇರ ಮಾಡಿ ಕೂತಳು.

ಇಷ್ಟೂ ಹೇಳಿದ್ದು ಸುಲಭದ ಲೆಕ್ಕ. ಕಷ್ಟದ ಲೆಕ್ಕವೊಂದು ನನ್ನ ಮುಂದೆ ಬಂದದ್ದು ಆ ವರ್ಷದ ಮಳೆಗಾಲದಲ್ಲಿ.

ನಮ್ಮ ಹಿಂದಿನ ಬೀದಿಯಲ್ಲಿ ಎಪ್ಪತ್ತೈದರ ಆಸುಪಾಸಿನ ಹಿರಿಯರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ದೊಡ್ಡಮ್ಮ. ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ದಿನಪತ್ರಿಕೆಯಲ್ಲಿ ಅವರು ಓದುವುದು ಒಂದೇ ಒಂದು ಸಂಗತಿಯನ್ನು. ಜೂನ್ ಬಂತೆಂದರೆ ನಮ್ಮ ಜಿಲ್ಲೆಯ ಪುಟದ ಮೂಲೆಯಲ್ಲಿ ಅಣೆಕಟ್ಟೆಗಳ ನೀರಿನ ಮಟ್ಟ ಹಾಕುತ್ತಾರಲ್ಲ, ಅದು. ಭದ್ರಾ, ತುಂಗಾ ಎಲ್ಲವನ್ನೂ ಬಿಟ್ಟು ಬೆರಳು ನೇರ ಲಿಂಗನಮಕ್ಕಿಯ ಮೇಲೆ ಹೋಗುತ್ತದೆ. ತುಂಬಿದರೆ 1819 ಅಡಿ. ಎಷ್ಟಾಯಿತೆಂದು ನೋಡಿ ಪತ್ರಿಕೆ ಮಡಿಸಿಟ್ಟುಬಿಡುತ್ತಾರೆ. ಯಾಕೆ ಎಂದು ಕೇಳಿದವರಿಗೆ “ಸುಮ್ನೆ” ಎನ್ನುವುದು ವಾಡಿಕೆ. 1964ರಲ್ಲಿ ಆ ಅಣೆಕಟ್ಟೆಯ ನೀರು ಶರಾವತಿ ಕಣಿವೆಯನ್ನು ತುಂಬಿದಾಗ ದೊಡ್ಡಮ್ಮನಿಗೆ ಹದಿನಾಲ್ಕು ವರ್ಷ. ಮನೆ, ಗದ್ದೆ, ಅಡಿಕೆ ತೋಟ ಎಲ್ಲವೂ ಹೋಯಿತು. ಲಾರಿಯಲ್ಲಿ ತಂದು ಬಿಟ್ಟ ಕಾಡಿನ ಜಾಗದಲ್ಲಿ ಅವರ ತಂದೆ ಹೊಸದಾಗಿ ಗುದ್ದಲಿ ಹಿಡಿದರು. ಹಾಗೆ ಬಂದ ಕುಟುಂಬಗಳ ಜಮೀನಿನ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ.

2025ರ ಜನವರಿ 5ರಂದು ನಾ. ಡಿಸೋಜ ತೀರಿಕೊಂಡರು. ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಈ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಕಂಡದ್ದನ್ನು ಬಿಡದೆ ಬರೆದವರು. ಮಕ್ಕಳಿಗೂ ‘ಮುಳುಗಡೆಯ ಊರಿಗೆ ಬಂದವರು’ ಎಂದು ಬರೆದರು, ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂದಿತ್ತು. ಅವರು ಹೋದ ಮೇಲೆ ನಾನು ‘ದ್ವೀಪ’ವನ್ನು ಮತ್ತೆ ಓದಿದೆ. ಗಿರೀಶ ಕಾಸರವಳ್ಳಿಯವರ 2002ರ ಸಿನಿಮಾ, ಸೌಂದರ್ಯಳ ಮುಖ, ಆ ಮಳೆ ಎಲ್ಲ ನೆನಪಿನಲ್ಲಿದ್ದರೂ ಪುಸ್ತಕದ ದಾರಿ ಬೇರೆ. ಸುತ್ತ ನೀರು ಏರುತ್ತಿರುವಾಗ ಮನೆ ಬಿಟ್ಟು ಹೋಗಲಾರದೆ ಉಳಿದವರ ಸಣ್ಣ ಕಾದಂಬರಿ. ಓದಿ ಮುಚ್ಚಿದ ಕೂಡಲೇ ಮನಸ್ಸಿಗೆ ಬಂದವರು ದೊಡ್ಡಮ್ಮ.

ಕೊಡಬೇಕೋ ಬೇಡವೋ? ತಾವು ಪಟ್ಟ ಪಾಡನ್ನು ಅಚ್ಚಿನಲ್ಲಿ ನೋಡಿದರೆ ಹಗುರಾಗುತ್ತದೆ ಎಂದು ಓದುವ ಜನ ನಂಬುತ್ತೇವೆ. ಹಾಗೆ ನಂಬುವುದು ನಮಗೆ ಅನುಕೂಲ, ಪಾಡು ನಮ್ಮದಲ್ಲವಲ್ಲ. ಗಾಯದವರ ಕೈಗೆ ಗಾಯದ ಚಿತ್ರ ಕೊಟ್ಟು “ಚೆನ್ನಾಗಿದೆ, ಓದಿ” ಎನ್ನುವುದು ಹೇಗೆ?

ಪುಸ್ತಕ ಚೀಲದಲ್ಲಿಟ್ಟುಕೊಂಡೇ ಒಂದು ಸಂಜೆ ಅವರ ಗೇಟಿನ ಬಳಿ ನಿಂತೆ. ಸೊಸೆ ಹೊರಗಿದ್ದಳು. ವಿಷಯ ಹೇಳಿದೆ.

“ಬೇಡ ಟೀಚರ್,” ಎಂದಳು. “ಅತ್ತೆ ಆ ಸುದ್ದಿ ಎತ್ತೋದೇ ಇಲ್ಲ. ನಾನು ಬಂದು ಹದಿನೆಂಟು ವರ್ಷ ಆಯ್ತು, ಒಂದು ದಿನ ಹೇಳಿದವರಲ್ಲ. ಈಗ ಕೆದಕಿದ ಹಾಗಾಗುತ್ತೆ. ಬಿಪಿ ಬೇರೆ ಇದೆ.”

ಅವಳ ಮಾತು ಸರಿಯೆನಿಸಿತು. “ಹಾಗಾದ್ರೆ ನೀನೇ ಓದು. ಕೊಡೋದು ಬಿಡೋದು ನಿನಗೆ ಸೇರಿದ್ದು,” ಎಂದು ಅವಳ ಕೈಗಿಟ್ಟೆ. ನೋಟ್ ಪುಸ್ತಕದಲ್ಲೂ ಅವಳ ಹೆಸರನ್ನೇ ಬರೆದೆ.

ಈ ಸೊಸೆ ಭದ್ರಾವತಿಯವಳು. ತಂದೆ ಕಾಗದದ ಕಾರ್ಖಾನೆಯಲ್ಲಿದ್ದವರು, ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಬೆಳೆದ ಹುಡುಗಿ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ 2015ರ ಹೊತ್ತಿಗೆ ಯಂತ್ರ ನಿಲ್ಲಿಸಿತು. ರೈಲು ಭದ್ರಾವತಿ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆವಲ್ಲ, ಆ ವಾಸನೆಯೂ ಹೋಯಿತು. ಅದೇ ಕಾಗದದ ಪತ್ರಿಕೆ ಓದಿ ಬೆಳೆದ ನಾವು ವಾಸನೆಗೆ ಬೈಯುತ್ತಿದ್ದುದು ಈಗ ನೆನೆದರೆ ನಗು ಬರುತ್ತದೆ. ಸೊಸೆಗೆ ಮಾತ್ರ ಅದು ತವರಿನ ವಾಸನೆ. ಕ್ವಾರ್ಟರ್ಸಿನ ಸಾಲುಗಳಲ್ಲಿ ಗಿಡ ಬೆಳೆದದ್ದನ್ನು ನೋಡಲಾರದೆ ಆ ರಸ್ತೆಗೇ ಹೋಗುವುದಿಲ್ಲವೆಂದು ಒಮ್ಮೆ ಹೇಳಿದ್ದಳು.

ಹತ್ತು ದಿನ ಬಿಟ್ಟು ಅವಳೇ ಮನೆಗೆ ಬಂದಳು. ಪುಸ್ತಕ ತಂದಿರಲಿಲ್ಲ. ಎರಡು ರಾತ್ರಿಯಲ್ಲಿ ಓದಿ ಮುಗಿಸಿ, ಮೂರನೆಯ ದಿನ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆಯನ್ನು ಒಂದೇ ಒಂದು ಮಾತು ಕೇಳಿದಳಂತೆ: “ಅತ್ತೆ, ನಿಮ್ಮನೇಲಿ ನೀರು ಮೊದಲು ಎಲ್ಲಿಗೆ ಬಂತು?”

ದೊಡ್ಡಮ್ಮ ತಲೆ ಎತ್ತಲಿಲ್ಲವಂತೆ. “ಗದ್ದೆಗೆ,” ಎಂದರಂತೆ. ಸ್ವಲ್ಪ ಹೊತ್ತು ಬಿಟ್ಟು, “ಆಮೇಲೆ ತೋಟದ ಕೆಳಗಿನ ಸಾಲಿಗೆ.” ಆಮೇಲೆ ನಿಲ್ಲಲೇ ಇಲ್ಲ. ಬಾಗಿಲು, ದಾರಂದ ಎಲ್ಲವನ್ನೂ ಕಿತ್ತು ಗಾಡಿಗೆ ಹೇರಿದ್ದು, ತುಳಸಿಕಟ್ಟೆಯ ಕಲ್ಲು ಮಾತ್ರ ಅಲ್ಲಾಡದೆ ಉಳಿದದ್ದು, ಕೌಲು ಬಣ್ಣದ ಹಸುವೊಂದು ಮೂರು ಸಲ ಹಗ್ಗ ಬಿಚ್ಚಿಕೊಂಡು ಹಳೆಯ ಕೊಟ್ಟಿಗೆಗೆ ಓಡಿದ್ದು. ಹುರುಳಿಕಾಯಿ ಆ ದಿನ ಒಲೆ ಏರಲಿಲ್ಲ, ಎಲ್ಲರಿಗೂ ಮೊಸರನ್ನವೇ ಗತಿಯಾಯಿತು ಎಂದು ಸೊಸೆ ನಕ್ಕಳು, ಕಣ್ಣು ಒರೆಸಿಕೊಂಡಳು. ಅವತ್ತು ಅವಳೂ ಅತ್ತೆಗೆ ಕ್ವಾರ್ಟರ್ಸಿನ ಕಥೆ ಹೇಳಿದಳಂತೆ. ಮಾರನೆಯ ದಿನದಿಂದ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ‘ದ್ವೀಪ’ವನ್ನು ಗಟ್ಟಿಯಾಗಿ ಓದಿ ಹೇಳುವುದು, ಧಾರಾವಾಹಿಗೆ ರಜೆ. ದೊಡ್ಡಮ್ಮ ನಡುನಡುವೆ ತಡೆದು “ಹೌದು” ಎನ್ನುವರಂತೆ, ಕೆಲವು ಕಡೆ “ಹಾಗಲ್ಲ” ಎಂದೂ ವಾದಿಸುವರಂತೆ. ಬರೆದವರು ಯಾರೆಂದು ಕೇಳಿ, ಸಾಗರದವರೆಂದು ತಿಳಿದ ಮೇಲೆ, “ಅದಕ್ಕೇ,” ಎಂದರಂತೆ.

ಆ ಜುಲೈಯಲ್ಲೇ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ಅಲ್ಲಿಯವರೆಗೆ ಆ ದಡದವರಿಗೆ ಲಾಂಚೇ ದಾರಿ. ಮನೆಯವರೆಲ್ಲ ಸಿಗಂದೂರಿಗೆಂದು ಹೊರಟರು, ದೊಡ್ಡಮ್ಮನೂ ಹೋದರು. ಸೇತುವೆಯ ಮೇಲೆ ಜನ ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರಂತೆ. ದೊಡ್ಡಮ್ಮ ಕಾರು ನಿಲ್ಲಿಸಿ ಎನ್ನಲಿಲ್ಲ, ಕಿಟಕಿ ಇಳಿಸಲು ಹೇಳಿದರು, ಅಷ್ಟೇ.

‘ದ್ವೀಪ’ದ ಕೆಲಸ ಇಲ್ಲಿಗೆ ಮುಗಿಯಿತೆಂದುಕೊಂಡು, ಮುಂದಕ್ಕೆ ಡಾ. ಗಜಾನನ ಶರ್ಮರ ‘ಪುನರ್ವಸು’ ತೆಗೆದಿಟ್ಟೆ. ಲಿಂಗನಮಕ್ಕಿಗೂ ಮೊದಲು, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯ ಕಾಲದ ಮುಳುಗಡೆಯ ಕಥೆ ಅದು. ದೊಡ್ಡ ಗಾತ್ರದ ಪುಸ್ತಕ, ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು, ನೀವು ಖಂಡಿತ ಓದಬೇಕು. ಆ ಅಣೆಕಟ್ಟೆಯೇ ಆಮೇಲೆ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಬರಗಾಲದ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ.

ಆದರೆ ದೊಡ್ಡಮ್ಮ ತಾವೇ ಕೋಲೂರಿಕೊಂಡು ಪುಸ್ತಕ ವಾಪಸು ಕೊಡಲು ಬಂದವರು, ನನ್ನ ಕೈಯಲ್ಲಿದ್ದ ದಪ್ಪ ಪುಸ್ತಕ ನೋಡಿ, “ಇದೂ ನೀರಿಂದೇನಾ?” ಎಂದರು. ಹೌದೆಂದೆ.

“ಸಾಕು ಮಾರಾಯ್ತಿ. ಅಳೋದು ಆಯ್ತು. ನಗೋ ಅಂಥದ್ದು ಏನಾದ್ರೂ ಇದ್ರೆ ಕೊಡು.”

ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. 1980ರಿಂದ ನಮ್ಮ ಕಡೆ ಓದದ ಹುಡುಗರನ್ನೂ ಓದಿಸುತ್ತಿರುವ ಪುಸ್ತಕ, ಮಂದಣ್ಣನ ಪೇಚಾಟಕ್ಕೆ ನಗದವರಿಲ್ಲ. ವಾರ ಕಳೆದು ಅವರ ಮನೆಯ ಮುಂದೆ ಹೋಗುತ್ತಿದ್ದಾಗ ಜಗಲಿಯಿಂದಲೇ ಕೂಗಿದರು.

“ಅಲ್ಲಾ ಟೀಚರೇ, ಆ ಹಾರೋ ಓತಿ ಹುಡುಕ್ಕೊಂಡು ಅಷ್ಟೆಲ್ಲ ಜನ ಕಾಡು ಸುತ್ತಬೇಕಿತ್ತಾ? ನಮ್ಮ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಹಾರ್ತಿದ್ವು. ನನ್ನ ಕೇಳಿದ್ರೆ ತೋರಿಸ್ತಿದ್ದೆ.”