ಕ್ಲಾರಿಯೋನೆಟ್ ಹಾಡಿದಾಗ

ಮದುವೆಯ ಬ್ಯಾಂಡಿನಲ್ಲಿ ಕೇಳಿ ಬೆಳೆದ ಕ್ಲಾರಿಯೋನೆಟ್ಟಿಗೆ ರಾಗದ ಗಾಂಭೀರ್ಯ ದಕ್ಕದೆಂದೇ ನಾವು ಬಹುಕಾಲ ನಂಬಿದ್ದೆವು. ಪಾಠಶಾಲೆಯಲ್ಲಿ ಬ್ಯಾಂಡಿನವರ ಮಗನೊಬ್ಬ ತಂದೆಯ ವಾದ್ಯ ತಂದು, "ಗುರುಗಳ್ರೀ, ಇದರಾಗ ಭೂಪ ಊದ್ಲೇನ್ರೀ?" ಎಂದಾಗ ಹಾರ್ಮೋನಿಯಂ ತೋರಿಸಿ ಕಳುಹಿದ್ದೆವು.

ಆ ನಂಬಿಕೆಯನ್ನು ಅಳಿಸಿದವರು ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು. 1700ರ ಸುಮಾರಿಗೆ ಜರ್ಮನಿಯಲ್ಲಿ ರೂಪುಗೊಂಡ ಈ ವಾದ್ಯದ ಕೀಲಿಗಳು ಬಿಡಿಬಿಡಿ ಸ್ವರಗಳಿಗೆ ಹೊಂದುವಂಥವು. ನಮ್ಮ ಸಂಗೀತಕ್ಕಾದರೋ ಜಾರುವ ಮೀಂಡ್ ಬೇಕು. ರಂಧ್ರವನ್ನು ಅರೆ ಮುಚ್ಚಿ, ತುಟಿಯ ಬಿಗಿ ಸಡಿಲಿಸಿ ಅದನ್ನು ಸಾಧಿಸಬೇಕು. ಹೆಬ್ಬೆರಳ ಕೀಲಿಯನ್ನೊತ್ತಿದರೆ ಷಡ್ಜದ ಬೆರಳಿಗೆ ಮೇಲಿನ ಷಡ್ಜವಲ್ಲ, ಮೇಲಿನ ಪಂಚಮ ನುಡಿಯುತ್ತದೆ! ಒಂದೇ ಸ್ವರಗುಚ್ಛವನ್ನು ಎರಡು ಸಪ್ತಕಗಳಲ್ಲಿ ಎರಡು ಬಗೆಯಾಗಿ ಕಲಿಯಬೇಕು. ವಡವಾಟಿಯವರ ಗುರುಗಳು ವಚನಗಾಯನದಲ್ಲಿಯೂ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರು. ಕಂಠದಿಂದ ವಾದ್ಯಕ್ಕಿಳಿದ ವಿದ್ಯೆಯಾದುದರಿಂದಲೇ ಅದು ಹಾಡುತ್ತದೆಂದು ನಮ್ಮ ಎಣಿಕೆ. ಅವರು ಶಿಷ್ಯರನ್ನು ಬೆಳೆಸಿದರು, ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರೂ ಆದರು.

ಅವರ ವಾದನ ಕೇಳಿ ಬಂದ ರಾತ್ರಿ ಆ ಹುಡುಗ ನೆನಪಾದ. ವಿಚಾರಿಸಲಾಗಿ, ತಂದೆಯ ಬ್ಯಾಂಡಿನಲ್ಲಿಯೇ ಊದುತ್ತಿದ್ದನಂತೆ. ಕಳೆದ ಶ್ರಾವಣದಲ್ಲಿ ಕರೆಸಿ, ಭೂಪ ನುಡಿಸೆಂದು ಕೇಳಿಕೊಂಡೆವು. ತಲೆ ನರೆತಿತ್ತು. ನಮ್ಮನ್ನೊಮ್ಮೆ ನೋಡಿ, ಏನೂ ಹೇಳದೆ, ರೀಡನ್ನು ಬಾಯಲ್ಲಿ ನೆನೆಸತೊಡಗಿದನು.